ಹವಾಯಿಯ ಕೊನೆಯ ರಾಣಿ

ನಾನು ಚರಿತ್ರೆಯ ಅಧ್ಯಾಪಕನಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಒಮ್ಮೆ ಪರೀಕ್ಷೆಯ ಕೊಠಡಿಯಲ್ಲಿ ಮೇಲ್ವಿಚಾರಣೆಗೆ ನಿಂತಿದ್ದೆ. ಮೂರು ಗಂಟೆಯ ಮೌನದಲ್ಲಿ ಹೊತ್ತು ಸಾಗದೆ, ಮಿಕ್ಕುಳಿದಿದ್ದ ಪ್ರಶ್ನಪತ್ರಿಕೆಯೊಂದನ್ನು ಕೈಗೆತ್ತಿಕೊಂಡೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕವು ಕಡಲಾಚೆಯ ನಾಡುಗಳ ಮೇಲೆ ಕೈಚಾಚಿದುದಕ್ಕೆ ಕಾರಣಗಳನ್ನು ವಿವರಿಸಬೇಕೆಂಬುದು ಅದರಲ್ಲಿ ಒಂದು ಪ್ರಶ್ನೆ. ಮುಂದಿನ ಸಾಲಿನ ಹುಡುಗನೊಬ್ಬ ಅದಕ್ಕೇ ಉತ್ತರ ಬರೆಯುತ್ತಿದ್ದ. ವ್ಯಾಪಾರದ ಹಂಬಲ, ನೌಕಾಬಲದ ಅಗತ್ಯ, ಧರ್ಮಪ್ರಸಾರದ ಉತ್ಸಾಹ, ಬಿಳಿಯ ಜನಾಂಗವೇ ಮೇಲೆಂಬ ಹೆಮ್ಮೆ, ಸ್ವದೇಶದಲ್ಲಿ ಹೊಸ ನೆಲ ಮುಗಿದುಹೋದುದು, ಹೀಗೆ ಐದು ಕಾರಣಗಳನ್ನು ಅಂಕಿ ಹಾಕಿ ಒಂದರ ಕೆಳಗೊಂದು ಜೋಡಿಸಿದ್ದ. ಉತ್ತರದಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಅದನ್ನು ಓದುತ್ತ ನನಗೆ ಏನೋ ಕಸಿವಿಸಿಯಾಯಿತು. ಮೋಡ ಕವಿದಮೇಲೆ ಮಳೆ ಸುರಿಯುವಂತೆ, ಈ ಐದೂ ಕೂಡಿದಮೇಲೆ ನಡೆದದ್ದು ನಡೆಯಲೇಬೇಕಿತ್ತೆಂಬ ಧ್ವನಿ ಆ ಉತ್ತರದಲ್ಲಿತ್ತು. ಈ ಕಾರಣಗಳು ಯಾವ ಯಾವ ಮನುಷ್ಯರ ರೂಪದಲ್ಲಿ ಬಂದು ಯಾರ ಮನೆಯ ಹೊಸ್ತಿಲನ್ನು ತುಳಿದವು, ಆ ಮನೆಯವರು ಅದಕ್ಕೆ ಏನೆಂದರು ಎಂಬುದಕ್ಕೆ ಅಲ್ಲಿ ಎಡೆಯೇ ಇರಲಿಲ್ಲ.

ಆಗ ನನ್ನ ನೆನಪಿಗೆ ಬಂದವಳು ಹವಾಯಿ ದ್ವೀಪಗಳ ಕೊನೆಯ ರಾಣಿ ಲಿಲಿಯುವೊಕಲಾನಿ. ಆಕೆಯನ್ನು ನಾನು ಮೊದಲು ಅರಿತದ್ದು ರಾಣಿಯೆಂದಲ್ಲ, ಹಾಡು ಕಟ್ಟಿದವಳೆಂದು. ಅಲೋಹಾ ಓಎ ಎಂಬ ವಿದಾಯಗೀತೆಯನ್ನು ಇಂದಿಗೂ ಅನೇಕ ದೇಶಗಳಲ್ಲಿ ಹಾಡುತ್ತಾರೆ. ಅದನ್ನು ರಚಿಸಿದವಳು ಸಿಂಹಾಸನ ಕಳೆದುಕೊಂಡ ಅರಸಿಯೆಂಬುದು ಹಾಡುವವರಲ್ಲಿ ಅನೇಕರಿಗೆ ತಿಳಿಯದು. ಕವಿಯೆಂಬ ಕುತೂಹಲದಿಂದ ಆಕೆಯ ಆತ್ಮಕಥೆಯನ್ನು ಹುಡುಕಿ ಓದಿದೆ. ಆ ಹುಡುಗ ಪಟ್ಟಿಮಾಡಿದ್ದ ಕಾರಣಗಳು ಒಂದೊಂದಾಗಿ ಆಕೆಯ ಬಾಳಿನಲ್ಲಿ ಮುಖಗಳಾಗಿ, ಹೆಸರುಗಳಾಗಿ ಎದುರುಬಂದವು.

ಹವಾಯಿ ಪೆಸಿಫಿಕ್ ಮಹಾಸಾಗರದ ನಡುವಣ ದ್ವೀಪಸ್ತೋಮ. ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್‌ಫ್ರಾನ್ಸಿಸ್ಕೊ ನಗರಕ್ಕೂ ಅದಕ್ಕೂ ಸುಮಾರು 2,400 ಮೈಲಿಗಳ ಅಂತರ. ಅಲ್ಲಿಯ ಹೊನೊಲುಲು ಪಟ್ಟಣದಲ್ಲಿ 1838ರ ಸೆಪ್ಟೆಂಬರ್ 2ರಂದು ಒಂದು ಪಾಳೆಯಗಾರರ ಮನೆತನದಲ್ಲಿ ಈ ಹೆಣ್ಣುಮಗು ಹುಟ್ಟಿತು. ಆ ದಿನಗಳಲ್ಲಿ ರಾಜ್ಯದ ಉನ್ನತಾಧಿಕಾರದಲ್ಲಿದ್ದ ಕೀನಾವು ಎಂಬ ರಾಜಮಾನ್ಯೆ ಕಣ್ಣುಬೇನೆಯಿಂದ ನರಳುತ್ತಿದ್ದಳು. ಆ ನಾಡಿನ ಪದ್ಧತಿಯಂತೆ ಹೆಸರಿಡುವ ಹಕ್ಕು ಅವಳದಾದ್ದರಿಂದ ಉರಿ, ಕಂಬನಿ, ಬೇನೆ, ನೊಂದ ಕಣ್ಣು ಎಂಬ ಅರ್ಥಗಳ ಪದಗಳೇ ಮಗುವಿನ ಹೆಸರಾದವು. ಹೆತ್ತವರು ಮಗುವನ್ನು ಮತ್ತೊಂದು ಶ್ರೇಷ್ಠ ಮನೆತನಕ್ಕೆ ಸಾಕಲು ಕೊಟ್ಟರು. ಅದೂ ಆ ನಾಡಿನ ಸಂಪ್ರದಾಯ. ಮನೆತನಗಳ ನಡುವಣ ನಂಟನ್ನು ಗಟ್ಟಿಗೊಳಿಸುವ ಈ ಸಾಕುಮಕ್ಕಳ ಪದ್ಧತಿಯನ್ನು ಬಿಳಿಯ ಬರಹಗಾರರು ಮುಂದೆ ಹೀಯಾಳಿಸಿದಾಗ ಆಕೆ ಬಹಳ ನೊಂದುಕೊಂಡಳು.

ಬಾಲಕಿಗೆ ನಾಲ್ಕು ವರ್ಷವಾದಾಗ ರಾಜವಂಶದ ಮಕ್ಕಳಿಗಾಗಿ ತೆರೆದಿದ್ದ ಶಾಲೆಗೆ ಸೇರಿಸಿದರು. ಬಾಸ್ಟನ್ನಿನ ಕಡೆಯಿಂದ ಹೊರಟ ಪಾದ್ರಿಗಳ ಮೊದಲ ತಂಡ 1820ರಲ್ಲಿ ಹವಾಯಿಗೆ ಬಂದಿಳಿದಿತ್ತು. ಆ ಪಂಥದವರೇ ಆದ ಏಮಸ್ ಕುಕ್ ದಂಪತಿಗಳು ಶಾಲೆಯ ಉಪಾಧ್ಯಾಯರು. ಅಲ್ಲಿ ಇಂಗ್ಲಿಷು, ಬೈಬಲ್ಲು, ಸಂಗೀತ ಎಲ್ಲವನ್ನೂ ಕಲಿಸಿದರು. ಆದರೆ ರಾತ್ರಿಯ ಊಟ ಹೊಟ್ಟೆಗೆ ಸಾಲದೆ ಹಸಿದೇ ಮಲಗಿದ ನೆನಪು ಆಕೆಗೆ ಮುಪ್ಪಿನವರೆಗೂ ಮಾಸಲಿಲ್ಲ. ಇದೇ ಕುಕ್ ಮಹಾಶಯರು 1851ರಲ್ಲಿ ಜೊತೆಗಾರರೊಬ್ಬರೊಡನೆ ಕ್ಯಾಸಲ್ ಮತ್ತು ಕುಕ್ ಎಂಬ ವ್ಯಾಪಾರ ಸಂಸ್ಥೆಯನ್ನು ತೆರೆದರು. ಮುಂದೆ ಹವಾಯಿಯ ಸಕ್ಕರೆ ಉದ್ಯಮವನ್ನು ಅಂಗೈಯಲ್ಲಿಟ್ಟುಕೊಂಡ ಐದು ದೊಡ್ಡ ಸಂಸ್ಥೆಗಳಲ್ಲಿ ಅದೂ ಒಂದಾಯಿತು. ಧರ್ಮವೂ ವ್ಯಾಪಾರವೂ ಎರಡು ಬೇರೆ ಕಾರಣಗಳೆಂದು ನಾವು ಬರೆಯುತ್ತೇವೆ. ಹವಾಯಿಯಲ್ಲಿ ಮಾತ್ರ ಅವೆರಡೂ ಎಷ್ಟೋ ವೇಳೆ ಒಂದೇ ಮನೆಯಲ್ಲಿ ಬೆಳೆದವು.

ಹಾಗೆಂದು ಪಾದ್ರಿಗಳೆಲ್ಲ ಮೋಸಗಾರರೆಂದು ತಿಳಿಯಬಾರದು. ಅವರು ಆ ಭಾಷೆಗೆ ಲಿಪಿಯನ್ನು ಕೊಟ್ಟರು, ಜನಕ್ಕೆ ಓದು ಕಲಿಸಿದರು. ಲಿಲಿಯುವೊಕಲಾನಿ ಕಡೆಯವರೆಗೂ ಶ್ರದ್ಧಾವಂತ ಕ್ರೈಸ್ತಳಾಗಿಯೇ ಬಾಳಿದಳು. ಆದರೆ ಇತ್ತ ನೆಲದ ಒಡೆತನ ಸದ್ದಿಲ್ಲದೆ ಕೈಬದಲಾಗುತ್ತಿತ್ತು. 1848ರಲ್ಲಿ ಅರಸನೂ ಪಾಳೆಯಗಾರರೂ ನೆಲವನ್ನು ಹಂಚಿಕೊಂಡ ಹೊಸ ವ್ಯವಸ್ಥೆ ಬಂತು. 1850ರ ಕಾನೂನು ಪರದೇಶಿಯರೂ ನೆಲ ಕೊಳ್ಳಬಹುದೆಂದಿತು. ಹೊರಗಿನಿಂದ ಬಂದ ರೋಗಗಳಿಗೆ ತುತ್ತಾಗಿ ಮೂಲ ನಿವಾಸಿಗಳ ಸಂಖ್ಯೆ ವರ್ಷವರ್ಷಕ್ಕೂ ಕುಗ್ಗಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ನಡೆದ ಅಂತರ್ಯುದ್ಧದಿಂದ ಅಲ್ಲಿಯ ದಕ್ಷಿಣ ಪ್ರಾಂತಗಳ ಸಕ್ಕರೆ ಉತ್ತರಕ್ಕೆ ಬರುವುದು ನಿಂತಾಗ, ಹವಾಯಿಯ ಕಬ್ಬಿಗೆ ಬೆಲೆ ಏರಿತು.

ಈ ನಡುವೆ, 1862ರಲ್ಲಿ, ಆಕೆ ಅಮೆರಿಕದಲ್ಲಿ ಹುಟ್ಟಿದ ಜಾನ್ ಡಾಮಿನಿಸ್ ಎಂಬಾತನನ್ನು ಮದುವೆಯಾಗಿ, ಅವನ ತಂದೆಯಾದ ಹಡಗಿನ ಕಪ್ತಾನ ಕಟ್ಟಿಸಿದ್ದ ಬಿಳಿಯ ಮನೆಗೆ ಸೊಸೆಯಾಗಿ ಹೋದಳು. ಅಮೆರಿಕದ ಪ್ರತಿನಿಧಿಯೊಬ್ಬ ಹಿಂದೆ ಆ ಮನೆಯಲ್ಲಿ ಬಾಡಿಗೆಗಿದ್ದಾಗ ತನ್ನ ದೇಶದ ಮೊದಲ ಅಧ್ಯಕ್ಷನ ಹೆಸರನ್ನೇ ಅದಕ್ಕಿಟ್ಟು ವಾಷಿಂಗ್ಟನ್ ಪ್ಲೇಸ್ ಎಂದು ಕರೆದಿದ್ದ. ಮುಂದೆ ಅಮೆರಿಕದ ಸೇನೆಯ ಎದುರು ರಾಜ್ಯ ಕಳೆದುಕೊಂಡವಳು ಕಡೆಯುಸಿರೆಳೆದದ್ದೂ ಇದೇ ಹೆಸರಿನ ಮನೆಯಲ್ಲಿ. ಅತ್ತೆಗೆ ಈ ನಾಡಿನ ಸೊಸೆ ಬಹುಕಾಲ ಹಿಡಿಸಲಿಲ್ಲ, ಮಕ್ಕಳಾಗಲಿಲ್ಲ. ಆಕೆಯ ಸಂಗಾತಿಗಳೆಂದರೆ ಹಾಡುಗಳೇ. 1866ರಲ್ಲಿ ಐದನೆಯ ಕಮೆಹಮೆಹ ಅರಸನ ಅಪೇಕ್ಷೆಯಂತೆ ನಾಡಗೀತೆಯೊಂದನ್ನು ಬರೆದಳು. ಒಟ್ಟಿನಲ್ಲಿ ಆಕೆ ಕಟ್ಟಿದ ಹಾಡುಗಳು ನೂರಕ್ಕೂ ಹೆಚ್ಚು.

1874ರಲ್ಲಿ ಆಕೆಯ ಅಣ್ಣ ಕಲಾಕೌವ ಅರಸನಾಗಿ ಆಯ್ಕೆಗೊಂಡ. ಮರುವರ್ಷ ಅವನ ಸರ್ಕಾರ ಅಮೆರಿಕದೊಡನೆ ಒಂದು ಒಪ್ಪಂದ ಮಾಡಿಕೊಂಡಿತು. ಹವಾಯಿಯ ಸಕ್ಕರೆ ಸುಂಕವಿಲ್ಲದೆ ಅಮೆರಿಕವನ್ನು ಸೇರಬಹುದೆಂಬುದು ಅದರ ಸಾರ. 1875ರಲ್ಲಿ ಸುಮಾರು 2.5 ಕೋಟಿ ಪೌಂಡು ಇದ್ದ ಸಕ್ಕರೆಯ ರಫ್ತು 1890ರ ವೇಳೆಗೆ 25 ಕೋಟಿ ಪೌಂಡನ್ನು ಮೀರಿತು. ಕಬ್ಬು ಕಡಿಯಲು ಚೀನಾ, ಜಪಾನ್, ಪೋರ್ಚುಗಲ್ ದೇಶಗಳಿಂದ ಕರಾರಿನ ಕೂಲಿಗಳು ಬಂದರು. 1881ರಲ್ಲಿ ಕಲಾಕೌವ ಲೋಕಸಂಚಾರ ಹೊರಟು ನಮ್ಮ ದೇಶದ ಕಲ್ಕತ್ತಾ, ಮುಂಬಯಿಗಳನ್ನೂ ನೋಡಿಹೋದ. ತೋಟಗಳಿಗೆ ಆಳುಗಳನ್ನು ದೊರಕಿಸುವುದೂ ಆ ಪಯಣದ ಉದ್ದೇಶಗಳಲ್ಲಿ ಒಂದು. ಅಣ್ಣನಿಲ್ಲದ ಆ ತಿಂಗಳುಗಳಲ್ಲಿ ರಾಜ್ಯವನ್ನು ನೋಡಿಕೊಂಡವಳು ತಂಗಿ. ಆಗ ಸಿಡುಬು ಹರಡಿದಾಗ ವ್ಯಾಪಾರಿಗಳ ಅಸಮಾಧಾನಕ್ಕೂ ಅಂಜದೆ ಬಂದರುಗಳನ್ನು ಮುಚ್ಚಿಸಿದಳು.

ಸಕ್ಕರೆಯ ಸಿರಿ ಹೆಚ್ಚಿದಂತೆ ಅರಮನೆಯ ಬಲ ತಗ್ಗಿತು. 1887ರಲ್ಲಿ ಲಿಲಿಯುವೊಕಲಾನಿ ತನ್ನ ಅತ್ತಿಗೆಯೊಡನೆ ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವಕ್ಕೆಂದು ಲಂಡನ್ನಿಗೆ ಹೋಗಿದ್ದಳು. ಅದೇ ಸಮಯದಲ್ಲಿ ಇತ್ತ ತೋಟಗಾರರೂ ವ್ಯಾಪಾರಿಗಳೂ ಶಸ್ತ್ರಸಜ್ಜಿತ ದಂಡಿನ ಬೆದರಿಕೆಯಿಂದ ಕಲಾಕೌವನ ಕೈಯಲ್ಲಿ ಹೊಸ ರಾಜ್ಯಾಂಗಕ್ಕೆ ಸಹಿ ಹಾಕಿಸಿಕೊಂಡರು. ಬಂದೂಕಿನ ಮೊನೆಯಲ್ಲಿ ಹುಟ್ಟಿದ್ದರಿಂದ ಅದಕ್ಕೆ ಬಯೊನೆಟ್ ರಾಜ್ಯಾಂಗವೆಂದೇ ಹೆಸರಾಯಿತು. ಅದು ಅರಸನ ಅಧಿಕಾರವನ್ನು ಮೊಟಕುಗೊಳಿಸಿತು. ಆಸ್ತಿಯ ನಿಬಂಧನೆಯಿಂದ ಬಡ ಹವಾಯಿಯರ ಮತವನ್ನೂ, ಜನಾಂಗದ ಕಾರಣದಿಂದ ಚೀನಿ ಜಪಾನಿಯರ ಮತವನ್ನೂ ಕಿತ್ತುಕೊಂಡಿತು. ಅದೇ ವರ್ಷ ಸುಂಕದ ಒಪ್ಪಂದವನ್ನು ಮುಂದುವರಿಸುವಾಗ ಪರ್ಲ್ ಹಾರ್ಬರ್ ಕೊಲ್ಲಿಯನ್ನು ಬಳಸುವ ಹಕ್ಕು ಅಮೆರಿಕದ ನೌಕಾಪಡೆಗೊಬ್ಬರಿಗೇ ದೊರೆಯಿತು. ಉಗಿಹಡಗುಗಳಿಗೆ ದಾರಿಯಲ್ಲಿ ಕಲ್ಲಿದ್ದಲು ತುಂಬಿಕೊಳ್ಳಲು ನೆಲೆ ಬೇಕು. ಕಡಲನ್ನು ಆಳುವ ಜನಾಂಗವೇ ಲೋಕದಲ್ಲಿ ಮೇಲುಗೈ ಪಡೆಯುವುದೆಂದು ಸಾರುವ ಗ್ರಂಥವನ್ನು ಮಹಾನ್ ಎಂಬ ಅಮೆರಿಕದ ನೌಕಾಧಿಕಾರಿ 1890ರಲ್ಲಿ ಪ್ರಕಟಿಸಿದ. ಅದನ್ನು ಓದಿದ ರಾಜಕಾರಣಿಗಳ ಕಣ್ಣಿಗೆ ಹವಾಯಿ ಒಂದು ನಾಡಾಗಿ ಕಾಣಲಿಲ್ಲ. ಚೀನಾದ ಮಾರುಕಟ್ಟೆಗೆ ಹೋಗುವ ದಾರಿಯ ತಂಗುದಾಣವಾಗಿ ಕಂಡಿತು. ಅದೇ 1890ರ ಜನಗಣತಿ ಅಮೆರಿಕದ ಪಶ್ಚಿಮದಲ್ಲಿ ಹೊಸ ನೆಲದ ಗಡಿರೇಖೆಯೆಂಬುದು ಇನ್ನಿಲ್ಲವೆಂದು ತೋರಿಸಿತ್ತು. ಮುಂದೆ ಹೋಗಬೇಕೆಂಬವರಿಗೆ ಇನ್ನು ಉಳಿದದ್ದು ಕಡಲು.

ಅದೇ ವರ್ಷ ಅಮೆರಿಕದ ಶಾಸನಸಭೆ ಎಲ್ಲ ದೇಶಗಳ ಸಕ್ಕರೆಯ ಮೇಲಣ ಸುಂಕವನ್ನೂ ತೆಗೆದುಹಾಕಿ, ಸ್ವದೇಶದ ಬೆಳೆಗಾರರಿಗೆ ಪೌಂಡಿಗೆ ಎರಡು ಸೆಂಟಿನಂತೆ ಸಹಾಯಧನ ಕೊಟ್ಟಿತು. ಹವಾಯಿಯ ಸಕ್ಕರೆಗಿದ್ದ ವಿಶೇಷ ಲಾಭ ಒಂದೇ ಏಟಿಗೆ ಹೋಯಿತು. ಹವಾಯಿಯೇ ಅಮೆರಿಕದ ಭಾಗವಾದರೆ ಆ ಸಹಾಯಧನ ತಮಗೂ ಸಿಗುವುದೆಂದು ಕೆಲವರು ಲೆಕ್ಕ ಹಾಕಿದರು. ಆದರೆ ಸಕ್ಕರೆಯೇ ಎಲ್ಲಕ್ಕೂ ಮೂಲವೆನ್ನುವಂತಿಲ್ಲ. ತೋಟಗಾರರಲ್ಲೆಲ್ಲ ಪ್ರಬಲನಾಗಿದ್ದ ಕ್ಲಾಸ್ ಸ್ಪ್ರೆಕಲ್ಸ್ ವಿಲೀನವನ್ನು ವಿರೋಧಿಸಿದ. ಅಮೆರಿಕದ ಕಾನೂನು ಬಂದರೆ ಕರಾರಿನ ಕೂಲಿಗಳು ಸಿಗುವುದಿಲ್ಲವೆಂಬ ಭಯ ಅವನದು. ವಿಲೀನಕ್ಕೆ ಮುಂದಾಳಾಗಿ ನಿಂತವನು ಲೋರಿನ್ ಥರ್ಸ್ಟನ್ ಎಂಬ ವಕೀಲ. ಆತ ಮೊದಲ ತಂಡದ ಪಾದ್ರಿಯೊಬ್ಬರ ಮೊಮ್ಮಗ. ಹವಾಯಿಯಲ್ಲೇ ಹುಟ್ಟಿ, ಆ ರಾಜ್ಯದಲ್ಲೇ ಮಂತ್ರಿಯಾಗಿದ್ದವನು. ಬೇಲಿಯೇ ಎದ್ದು ಹೊಲ ಮೇಯಿತೆಂಬ ನಮ್ಮ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕಲಾಕೌವ 1891ರ ಜನವರಿ 20ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ತೀರಿಕೊಂಡ. ಅದೇ ತಿಂಗಳ 29ರಂದು ಲಿಲಿಯುವೊಕಲಾನಿ ಪಟ್ಟವೇರಿದಳು. ಆಗಸ್ಟಿನಲ್ಲಿ ಗಂಡನನ್ನೂ ಕಳೆದುಕೊಂಡಳು. ಪ್ರಜೆಗಳಿಂದ ಮನವಿಗಳ ಮೇಲೆ ಮನವಿಗಳು ಬಂದವು: ಬಯೊನೆಟ್ ರಾಜ್ಯಾಂಗ ತೊಲಗಬೇಕು. 1893ರ ಜನವರಿ 14ರಂದು ಆಕೆ ಹೊಸ ರಾಜ್ಯಾಂಗವನ್ನು ಸಾರಲು ಹೊರಟಳು. ಮಂತ್ರಿಗಳು ಸಹಿ ಹಾಕಲು ಹಿಂಜರಿದರು. ಆಕೆ ವಿಧಿಯಿಲ್ಲದೆ ಅದನ್ನು ಮುಂದಕ್ಕೆ ಹಾಕಿದಳು. ಥರ್ಸ್ಟನ್ನನ ಗುಂಪಿಗೆ ಅಷ್ಟು ನೆಪವೇ ಸಾಕಾಯಿತು. ಪ್ರಾಣಕ್ಕೂ ಆಸ್ತಿಗೂ ಅಪಾಯವೆಂದು ಅವರು ಅಮೆರಿಕದ ಪ್ರತಿನಿಧಿ ಜಾನ್ ಸ್ಟೀವನ್ಸ್‌ನ ಮೊರೆಹೊಕ್ಕರು. 16ರ ಸಂಜೆ ಬಾಸ್ಟನ್ ಎಂಬ ಯುದ್ಧನೌಕೆಯಿಂದ 162 ಸೈನಿಕರು ಇಳಿದು, ಅಮೆರಿಕನ್ನರ ಮನೆಗಳನ್ನು ಕಾಯುವುದನ್ನು ಬಿಟ್ಟು ಅರಮನೆಯ ಹತ್ತಿರ ಬೀಡುಬಿಟ್ಟರು. ಮರುದಿನ ಕ್ರಾಂತಿಕಾರರು ಹೊಸ ಸರ್ಕಾರವನ್ನು ಸಾರಿದರು. ಅದರ ಮುಖ್ಯಸ್ಥ ಸ್ಯಾನ್‌ಫರ್ಡ್ ಡೋಲ್ ಕೂಡ ಪಾದ್ರಿಯ ಮಗನೇ. ರಾಣಿಯ ಪಹರೆ ಇನ್ನೂ ಶರಣಾಗಿರದಾಗಲೇ ಸ್ಟೀವನ್ಸ್ ಆ ಸರ್ಕಾರಕ್ಕೆ ಮನ್ನಣೆ ಕೊಟ್ಟ.

ಆಗ ಆಕೆ ಮಾಡಿದ್ದೇನು? ರಕ್ತ ಹರಿಯಬಾರದೆಂದು ಮಣಿದಳು. ಆದರೆ ಮಣಿದದ್ದು ಆ ಕೆಲವೇ ಗಂಟೆಗಳ ಸರ್ಕಾರಕ್ಕಲ್ಲ, ಅಮೆರಿಕದ ಬಲಕ್ಕೆಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆಸಿದಳು. ಸತ್ಯ ತಿಳಿದಮೇಲೆ ಅಮೆರಿಕದ ಸರ್ಕಾರ ತನ್ನ ಪ್ರತಿನಿಧಿಯ ತಪ್ಪನ್ನು ತಿದ್ದಿ ರಾಜ್ಯವನ್ನು ಹಿಂದಿರುಗಿಸುವುದೆಂದು ಆಕೆ ನಂಬಿದಳು. ಇದು ದಡ್ಡತನವಲ್ಲವೇ ಎಂದು ವಾಚಕರು ಕೇಳಬಹುದು. ಆದರೆ ಆಕೆಯ ಐದನೆಯ ವಯಸ್ಸಿನಲ್ಲಿ, 1843ರಲ್ಲಿ, ಪಾಲೆಟ್ ಎಂಬ ಬ್ರಿಟಿಷ್ ನೌಕಾಧಿಕಾರಿ ಹವಾಯಿಯನ್ನು ಕಸಿದುಕೊಂಡಿದ್ದ. ಆಗಿನ ಅರಸ ಹೋರಾಡದೆ ಪ್ರತಿಭಟನೆಯೊಡನೆ ಮಣಿದು ಬ್ರಿಟನ್ನಿನ ನ್ಯಾಯಬುದ್ಧಿಗೆ ಮೊರೆಯಿಟ್ಟ. ಐದು ತಿಂಗಳಲ್ಲಿ ಅಡ್ಮಿರಲ್ ಥಾಮಸ್ ಬಂದು ರಾಜ್ಯವನ್ನು ಮರಳಿ ಒಪ್ಪಿಸಿದ. ತನ್ನ ಕಣ್ಣಮುಂದೆ ಒಮ್ಮೆ ಫಲಿಸಿದ ದಾರಿಯನ್ನೇ ಆಕೆ ಹಿಡಿದಳು.

ಆ ದಾರಿ ಮೊದಲಿಗೆ ಸುಳ್ಳಾಗಲೂ ಇಲ್ಲ. ಅಧ್ಯಕ್ಷ ಹ್ಯಾರಿಸನ್ ತರಾತುರಿಯಿಂದ ವಿಲೀನದ ಒಪ್ಪಂದವನ್ನು ಸೆನೆಟ್ಟಿಗೆ ಕಳುಹಿಸಿದ್ದ. ಮಾರ್ಚಿಯಲ್ಲಿ ಅಧಿಕಾರಕ್ಕೆ ಬಂದ ಕ್ಲೀವ್‌ಲೆಂಡ್ ಅದನ್ನು ಹಿಂದಕ್ಕೆ ಪಡೆದು, ಬ್ಲೌಂಟ್ ಎಂಬವರನ್ನು ವಿಚಾರಣೆಗೆ ಕಳುಹಿಸಿದ. ಸ್ಟೀವನ್ಸ್‌ನ ತಪ್ಪು ಬಯಲಾಯಿತು. ರಾಜ್ಯದ್ರೋಹಿಗಳನ್ನು ಕ್ಷಮಿಸುವುದಾದರೆ ಸಿಂಹಾಸನವನ್ನು ಹಿಂದಿರುಗಿಸುವುದೆಂದು ಅಧ್ಯಕ್ಷ ತಿಳಿಸಿದ. ಆಕೆ ಒಡನೆಯೇ ಒಪ್ಪಲಿಲ್ಲ. ದೇಶದ ಕಾನೂನು ಅವರಿಗೆ ಶಿಕ್ಷೆ ವಿಧಿಸುತ್ತದೆಂದು ತಡೆದು ನಿಂತಳು. ಕೆಲವು ವಾರಗಳ ಮೇಲೆ ಕ್ಷಮಿಸಲು ಒಪ್ಪಿದರೂ ಆ ವೇಳೆಗೆ ಆಕೆ ಕ್ರೂರಿಯೆಂಬ ಮಾತು ಪತ್ರಿಕೆಗಳಲ್ಲಿ ಹರಡಿತ್ತು. ಡೋಲ್ ಅಧಿಕಾರ ಬಿಡಲು ನಿರಾಕರಿಸಿದ. ಬಲ ಪ್ರಯೋಗಿಸಲು ಕ್ಲೀವ್‌ಲೆಂಡ್ ಮುಂದಾಗಲಿಲ್ಲ. ಡಿಸೆಂಬರ್ 18ರಂದು, ದುರ್ಬಲ ರಾಷ್ಟ್ರವೊಂದಕ್ಕೆ ತನ್ನ ದೇಶ ಅನ್ಯಾಯ ಮಾಡಿದೆಯೆಂದು ಒಪ್ಪಿಕೊಂಡು ವಿಷಯವನ್ನು ಶಾಸನಸಭೆಗೆ ಒಪ್ಪಿಸಿದ. ಅಲ್ಲಿಗೆ ಅದು ನಿಂತಿತು.

1895ರ ಜನವರಿಯಲ್ಲಿ ರಾಣಿಯ ಅಭಿಮಾನಿಗಳು ದಂಗೆಯೆದ್ದು ಸೋತರು. ಆಕೆಯನ್ನು ಸೆರೆಹಿಡಿದು, ಸಹಿ ಹಾಕದಿದ್ದರೆ ಹಿಡಿದವರಲ್ಲಿ ಕೆಲವರಿಗೆ ಮರಣದಂಡನೆ ಕಾದಿದೆಯೆಂದು ಬೆದರಿಸಿ ಸಿಂಹಾಸನತ್ಯಾಗದ ಪತ್ರ ಬರೆಸಿಕೊಂಡರು. ಹಿಂದೆ ಒಡ್ಡೋಲಗ ನಡೆಸಿದ ಅದೇ ಸಿಂಹಾಸನ ಮಂದಿರದಲ್ಲಿ ಆಕೆಯ ವಿಚಾರಣೆ ನಡೆಯಿತು. ದಂಗೆಯ ಸುಳಿವಿದ್ದರೂ ತಿಳಿಸಲಿಲ್ಲವೆಂಬ ಆರೋಪದ ಮೇಲೆ ಐದು ವರ್ಷ ಸಶ್ರಮ ಶಿಕ್ಷೆ, 5,000 ಡಾಲರು ದಂಡ. ದುಡಿಮೆಯನ್ನೇನೋ ಮಾಡಿಸಲಿಲ್ಲ, ಇಯೊಲಾನಿ ಅರಮನೆಯ ಮಹಡಿಯ ಒಂದು ಕೋಣೆಯಲ್ಲಿ ಸುಮಾರು ಎಂಟು ತಿಂಗಳು ಕೂಡಿಟ್ಟರು. ಪತ್ರಿಕೆ ಓದಲು ಅಪ್ಪಣೆಯಿರಲಿಲ್ಲ. ಆಕೆಯ ತೋಟದಿಂದ ಹೂವು ಬರುತ್ತಿತ್ತು. ಹೂವಿಗೆ ಸುತ್ತಿದ ಕಾಗದವೇ ದಿನಪತ್ರಿಕೆ. ಆ ಹೂವುಗಳ ಮೇಲೆ ಆಕೆ ಹಾಡು ಕಟ್ಟಿದಳು. ಕುಮುಲಿಪೊ ಎಂಬ, ಎರಡು ಸಾವಿರಕ್ಕೂ ಮಿಕ್ಕ ಸಾಲುಗಳ ಸೃಷ್ಟಿಗೀತವನ್ನು ಇಂಗ್ಲಿಷಿಗೆ ಅನುವಾದಿಸುವ ಕೆಲಸವನ್ನೂ ಕೈಗೆತ್ತಿಕೊಂಡಳು. ಅದು 1897ರಲ್ಲಿ ಬಾಸ್ಟನ್ನಿನಲ್ಲಿ ಅಚ್ಚಾಯಿತು. ಸಾಹಿತ್ಯದ ಅಧ್ಯಾಪಕನಾದ ನನಗೆ ಆಕೆಯ ಬಾಳಿನಲ್ಲಿ ಅತ್ಯಂತ ದೊಡ್ಡದಾಗಿ ಕಾಣುವ ಗಳಿಗೆ ಇದು. ನಾಗರಿಕತೆಯಿಲ್ಲದವರಿಗೆ ನಾಗರಿಕತೆ ಕೊಡಲು ಬಂದೆವೆಂದವರ ಸೆರೆಯಲ್ಲಿ ಕುಳಿತು, ತನ್ನ ಜನ ಲೋಕದ ಹುಟ್ಟನ್ನು ಹೇಗೆ ಕಂಡರೆಂಬುದನ್ನು ಅವರದೇ ಭಾಷೆಯಲ್ಲಿ ತಿಳಿಸಹೊರಟವಳು ಆಕೆ.

ಬಿಡುಗಡೆಯಾದಮೇಲೆ ಅಮೆರಿಕಕ್ಕೆ ಹೋಗಿ ತನ್ನ ನಾಡಿನ ಅಹವಾಲನ್ನು ಹೇಳತೊಡಗಿದಳು. ಹೊಸ ಅಧ್ಯಕ್ಷ ಮೆಕಿನ್ಲಿ 1897ರ ಜೂನ್ 16ರಂದು ವಿಲೀನದ ಹೊಸ ಒಪ್ಪಂದವನ್ನು ಮುಂದಿಟ್ಟ. ಮರುದಿನವೇ ಆಕೆ ಲಿಖಿತ ಪ್ರತಿಭಟನೆ ಸಲ್ಲಿಸಿದಳು. ಅತ್ತ ಹವಾಯಿಯಲ್ಲಿ ಗಂಡಸರೂ ಹೆಂಗಸರೂ ಊರೂರು ಅಲೆದು ವಿಲೀನ ಬೇಡವೆಂಬ ಮನವಿಗೆ 21,000ಕ್ಕೂ ಹೆಚ್ಚು ಸಹಿ ಕೂಡಿಸಿದರು. ಮೂಲ ನಿವಾಸಿಗಳೂ ಮಿಶ್ರ ವಂಶದವರೂ ಮಕ್ಕಳುಮರಿಯೆಲ್ಲ ಸೇರಿ ಆಗ ಸುಮಾರು 40,000 ಮಂದಿ ಮಾತ್ರ ಇದ್ದರೆಂದು ನೆನೆದರೆ ಆ ಸಂಖ್ಯೆಯ ತೂಕ ಗೊತ್ತಾಗುತ್ತದೆ. ಒಪ್ಪಂದಕ್ಕೆ ಸೆನೆಟ್ಟಿನಲ್ಲಿ ಬೇಕಾದ ಮೂರರಲ್ಲಿ ಎರಡು ಪಾಲಿನ ಬಹುಮತ ಕೂಡಿಬರಲಿಲ್ಲ. ಸಕ್ಕರೆ ಇತ್ತು, ಪಾದ್ರಿಗಳ ಸಂತತಿ ಇತ್ತು, ಮಹಾನನ ಗ್ರಂಥವಿತ್ತು, ಜನಾಂಗದ ಹೆಮ್ಮೆಯೂ ಇತ್ತು. ಆದರೂ ವಿಲೀನ ನಿಂತುಹೋಯಿತು. 1893ರಲ್ಲಿ ಒಮ್ಮೆ, 1897ರಲ್ಲಿ ಮತ್ತೊಮ್ಮೆ.

ಅದನ್ನು ಮತ್ತೆ ಹೊರಡಿಸಿದ್ದು ಯುದ್ಧ. 1898ರ ಏಪ್ರಿಲ್‌ನಲ್ಲಿ ಕ್ಯೂಬಾದ ನಿಮಿತ್ತ ಅಮೆರಿಕಕ್ಕೂ ಸ್ಪೇನಿಗೂ ಯುದ್ಧ ಹತ್ತಿತು. ಮೇ 1ರಂದು ಅಮೆರಿಕದ ನೌಕಾಪಡೆ ಫಿಲಿಪೈನ್ಸಿನ ಮನಿಲಾ ಕೊಲ್ಲಿಯಲ್ಲಿ ಸ್ಪೇನಿನ ಹಡಗುಗಳನ್ನು ನಾಶಮಾಡಿತು. ಅಲ್ಲಿಗೆ ಸೈನ್ಯ ಕಳುಹಿಸಲು ನಡುದಾರಿಯ ಹವಾಯಿ ಬೇಕೇಬೇಕೆಂಬ ಕೂಗೆದ್ದಿತು. ಒಪ್ಪಂದದ ಬದಲು, ಸಾಮಾನ್ಯ ಬಹುಮತವೇ ಸಾಕಾಗುವ ಜಂಟಿ ನಿರ್ಣಯವೊಂದನ್ನು ಎರಡೂ ಸಭೆಗಳಲ್ಲಿ ಅಂಗೀಕರಿಸಿದರು. ಜುಲೈ 7ರಂದು ಮೆಕಿನ್ಲಿ ಸಹಿ ಹಾಕಿದ. ಆಗಸ್ಟ್ 12ರಂದು ಅರಮನೆಯ ಮೇಲಿನ ಹವಾಯಿಯ ಬಾವುಟ ಇಳಿಯಿತು. ಸ್ಪೇನಿನೊಡನೆ ಕದನ ನಿಲ್ಲಿಸುವ ಒಡಂಬಡಿಕೆಗೆ ಸಹಿ ಬಿದ್ದದ್ದೂ ಅದೇ ದಿನ. ಯಾವ ಯುದ್ಧಕ್ಕಾಗಿ ಹವಾಯಿ ಬೇಕೆಂದರೋ ಅದು ಮುಗಿದ ದಿನವೇ ಹವಾಯಿ ಅವರ ಕೈಸೇರಿತು. ರಾಣಿ ಆ ಸಮಾರಂಭಕ್ಕೆ ಹೋಗಲಿಲ್ಲ. ವಾಷಿಂಗ್ಟನ್ ಪ್ಲೇಸಿನಲ್ಲಿ ತನ್ನವರೊಡನೆ ಉಳಿದಳು.

ಆಮೇಲೆ ಹತ್ತೊಂಬತ್ತು ವರ್ಷ ಆಕೆ ಬದುಕಿದ್ದಳು. ಅರಸೊತ್ತಿಗೆಯ ಭೂಮಿಗಾಗಿ ಹೂಡಿದ ದಾವೆ 1910ರಲ್ಲಿ ಸೋತಿತು. 1909ರಲ್ಲೇ ಆಕೆ ತನ್ನ ಸ್ವಂತ ಆಸ್ತಿಯನ್ನು ಹವಾಯಿಯ ಅನಾಥ ಮಕ್ಕಳಿಗಾಗಿ ಧರ್ಮನಿಧಿಯಾಗಿ ಬರೆದಿಟ್ಟಿದ್ದಳು. ಹೆತ್ತ ಮಕ್ಕಳಿಲ್ಲದ, ತಾನೇ ಸಾಕುಮಗಳಾಗಿ ಬೆಳೆದ ಆಕೆಯ ಆ ನಿಧಿ ಇಂದಿಗೂ ನಡೆಯುತ್ತಿದೆ. 1917ರ ನವೆಂಬರ್ 11ರಂದು, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. 1959ರಲ್ಲಿ ಹವಾಯಿ ಅಮೆರಿಕದ ಐವತ್ತನೆಯ ರಾಜ್ಯವಾಯಿತು. ರಾಜ್ಯ ಕಸಿದ ನೂರು ವರ್ಷಕ್ಕೆ, 1993ರಲ್ಲಿ, ಅಮೆರಿಕದ ಶಾಸನಸಭೆ ಆ ಕೃತ್ಯಕ್ಕಾಗಿ ಹವಾಯಿಯ ಮೂಲ ಜನರ ಕ್ಷಮೆ ಕೇಳುವ ನಿರ್ಣಯ ಮಾಡಿತು. ಕ್ಷಮೆ ಬಂತು, ನೆಲ ಹಿಂದಿರುಗಲಿಲ್ಲ.

ಪರೀಕ್ಷೆಯ ಕೊಠಡಿಯ ಆ ಹುಡುಗನಿಗೆ ಪೂರ್ಣ ಅಂಕಗಳು ಬಂದಿರಬಹುದು, ಬರಬೇಕಾದದ್ದೇ. ಆದರೆ ಐದು ಕಾರಣಗಳ ಕೆಳಗೆ ಅವನು ಇನ್ನೊಂದು ಸಾಲು ಬರೆದಿದ್ದರೆ ನನಗೆ ಸಂತೋಷವಾಗುತ್ತಿತ್ತು. ಕಾರಣಗಳು ಮನುಷ್ಯರನ್ನು ಹುರಿದುಂಬಿಸುತ್ತವೆ, ನಿಜ; ಒಪ್ಪುವುದೂ ಒಪ್ಪದಿರುವುದೂ ಮನುಷ್ಯರ ಕೈಯಲ್ಲೇ ಉಳಿಯುತ್ತದೆ. ಕ್ಲೀವ್‌ಲೆಂಡ್ ಒಪ್ಪಲಿಲ್ಲ, ಇಪ್ಪತ್ತೊಂದು ಸಾವಿರ ಮಂದಿ ಒಪ್ಪಲಿಲ್ಲ, ಸೆರೆಯಲ್ಲಿದ್ದ ಒಬ್ಬ ಹೆಂಗಸು ಒಪ್ಪಲಿಲ್ಲ. ಅವರು ಗೆಲ್ಲಲಿಲ್ಲವೆಂಬುದು ಚರಿತ್ರೆ. ಗೆಲ್ಲಬಹುದಾಗಿತ್ತೆಂಬುದೂ ಚರಿತ್ರೆಯೇ ಎಂದು ನನ್ನ ನಂಬಿಕೆ.